ಹಳೆಯ ಲ್ಯಾಪ್ ಸ್ಟೀಲ್: ಬೆಲೆ ಕೂತಿರುವುದು ಎಲ್ಲಿ?

ಅಮೆರಿಕದ ಹಳೆಯ ವಾದ್ಯಗಳ ಮಾರಾಟದ ಜಾಹೀರಾತುಗಳಲ್ಲಿ ಲ್ಯಾಪ್ ಸ್ಟೀಲ್ (ಮಡಿಲಲ್ಲಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಬಾರ್ ಸರಿಸಿ ನುಡಿಸುವ ಗಿಟಾರ್) ಹುಡುಕುವವರ ಕಣ್ಣಿಗೆ ಎರಡು ಮಾತು ಮತ್ತೆ ಮತ್ತೆ ಬೀಳುತ್ತವೆ. “ಫ್ರೆಟ್‌ಗಳು (ಗಿಟಾರಿನ ಕತ್ತಿನ ಮೇಲಿನ ಅಡ್ಡ ಪಟ್ಟಿಗಳು) ಸವೆದೇ ಇಲ್ಲ” ಎನ್ನುವುದು ಒಂದು. “ಆಂಪ್ಲಿಫೈಯರ್ ಇಲ್ಲ, ಆದ್ದರಿಂದ ನುಡಿಸಿ ನೋಡಿಲ್ಲ” ಎನ್ನುವುದು ಇನ್ನೊಂದು. ಮೊದಲನೆಯದರಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಈ ವಾದ್ಯದಲ್ಲಿ ತಂತಿಗಳು ಹಲಗೆಯಿಂದ ಬಹಳ ಎತ್ತರದಲ್ಲಿರುತ್ತವೆ, ಎಡಗೈಯ ಬಾರ್ ತಂತಿಯ ಮೇಲೆಯೇ ತೇಲುತ್ತದೆ, ಕೆಳಗಿನ ಗೆರೆಗಳು ಬರೀ ಗುರುತು. ಸವೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಎರಡನೆಯ ಮಾತು ಮಾತ್ರ ನಿಜಕ್ಕೂ ಮುಖ್ಯವಾದದ್ದು. ನುಡಿಸಿ ನೋಡದ ವಾದ್ಯ ಎಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನ ಸುರುಳಿ ಬದುಕಿದೆಯೋ ಸತ್ತಿದೆಯೋ ಗೊತ್ತಿಲ್ಲದ ವಾದ್ಯ. ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್‌ನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಆ ಸುರುಳಿಯ ಸುತ್ತಲೇ ಇದೆ.

ಮಾಮೂಲಿ ಗಿಟಾರ್ ಕೊಳ್ಳುವವರು ನೆಕ್ (ಕತ್ತು) ಬಾಗಿದೆಯೇ, ಫ್ರೆಟ್ ಎಷ್ಟು ಉಳಿದಿದೆ, ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾರೆ. ಅದೇ ಅಭ್ಯಾಸವನ್ನು ಇಲ್ಲಿಗೂ ತಂದರೆ ನೋಡಬೇಕಾದ್ದನ್ನೇ ಬಿಟ್ಟಂತಾಗುತ್ತದೆ. ಒಂದು ದಿಮ್ಮಿ, ಒಂದು ಪಿಕಪ್, ಎರಡು ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಕೇಬಲ್ ಸಿಕ್ಕಿಸುವ ಒಂದು ಜ್ಯಾಕ್, ಒಂದು ಕುದುರೆ (ಬ್ರಿಜ್), ತಂತಿ ಬಿಗಿಯುವ ಆರು ಟ್ಯೂನರ್. ವಾದ್ಯ ಎಂದರೆ ಬಹುಪಾಲು ಇಷ್ಟೇ. ಭಾಗಗಳು ಇಷ್ಟು ಕಡಿಮೆ ಇರುವುದರಿಂದಲೇ ಒಂದು ಭಾಗ ಬದಲಾದರೂ ವಾದ್ಯದ ದೊಡ್ಡ ಪಾಲು ಬದಲಾಗಿಬಿಡುತ್ತದೆ. ಕೊಳ್ಳುವವರು ಮತ್ತು ಮಾರುವವರು ಇಬ್ಬರೂ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ್ದು ಇದನ್ನು.

ಅಟ್ಟದಿಂದ ಇಳಿದು ಬರುವ ವಾದ್ಯ

ಇಷ್ಟೊಂದು ಹಳೆಯ ಲ್ಯಾಪ್ ಸ್ಟೀಲ್‌ಗಳು ಇಷ್ಟು ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವುದಕ್ಕೆ ಕಾರಣವಿದೆ. ಹವಾಯಿಯಲ್ಲಿ ಹುಟ್ಟಿದ ಈ ಶೈಲಿ 1915ರ ಸ್ಯಾನ್ ಫ್ರಾನ್ಸಿಸ್ಕೋದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲೆಲ್ಲ ಹುಚ್ಚು ಹಿಡಿಸಿತು. ಮುಂದೆ 1930ರಿಂದ 1950ರ ದಶಕದವರೆಗೆ ಇದು ಮಕ್ಕಳ ಪಾಠದ ವಾದ್ಯವಾಯಿತು. ಕ್ಲೀವ್‌ಲ್ಯಾಂಡಿನ ಓಆಹು ಕಂಪನಿ ಪಾಠದ ಹಾಳೆಗಳ ಜೊತೆಗೆ ವಾದ್ಯಗಳನ್ನೂ ಮಾರುತ್ತಿತ್ತು. ಆ ವಾದ್ಯಗಳು ಅದರ ಸ್ವಂತ ಕಾರ್ಖಾನೆಯವಲ್ಲ, ಕೇ, ವ್ಯಾಲ್ಕೋದಂಥ ತಯಾರಕರು ಮಾಡಿಕೊಟ್ಟವು. ಒಂದು ಸಣ್ಣ ಆಂಪ್, ಒಂದು ಲ್ಯಾಪ್ ಸ್ಟೀಲ್, ಒಂದು ಕೇಸ್, ವಾರಕ್ಕೊಂದು ಪಾಠ. ಮಗು ಕೆಲವು ತಿಂಗಳು ಕಲಿತು ಬಿಟ್ಟಿತು, ಕೇಸ್ ಮಂಚದ ಕೆಳಗೆ ಹೋಯಿತು. ಅಷ್ಟರಲ್ಲಿ ಕಾಲಿನ ಪೆಡಲ್‌ನಿಂದ ತಂತಿಗಳ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ಬಂತು, ರಾಕ್ ಅಂಡ್ ರೋಲ್ ಬಂತು, ಮನೆಯ ಹುಡುಗರು ನಿಂತು ನುಡಿಸುವ ಗಿಟಾರಿನ ಕಡೆ ಹೊರಳಿದರು.

ಹಾಗಾಗಿ ಇಂದು ಯಾರದೋ ಅಜ್ಜಿಯ ಮನೆ ಖಾಲಿ ಮಾಡುವಾಗ ಆ ಕೇಸ್ ತೆರೆದರೆ ಹೊಳೆಯುವ ಪರ್ಲಾಯ್ಡ್ (ಮುತ್ತಿನ ಚಿಪ್ಪಿನಂತೆ ಕಾಣುವ ಪ್ಲಾಸ್ಟಿಕ್) ಹೊದಿಕೆ, ಜೇಬಿನಲ್ಲಿ ಬಾರ್, ಬೆರಳಿಗೆ ಹಾಕುವ ಪಿಕ್‌ಗಳು, ಪಾಠದ ಹಾಳೆಗಳು ಎಲ್ಲ ಸಿಗುತ್ತವೆ. ಹೊರಗಿನಿಂದ ನೋಡಿದರೆ ಹೊಸದು. ಒಳಗೆ ಮಾತ್ರ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ದಶಕಗಳ ತೇವವನ್ನು ಕುಡಿದಿರುತ್ತದೆ. ಎಲ್ಲೋ ಒಂದು ಕಡೆ ಹಸಿರು ಕಟ್ಟಿ ಕಡಿದರೆ ಮುಗಿಯಿತು, ಪಿಕಪ್ ಮೂಕ. ಬಳಸದೇ ಇಟ್ಟ ವಾದ್ಯದಲ್ಲಿ ಹೊರಗಿನ ಚೆಲುವು ಮತ್ತು ಒಳಗಿನ ಆರೋಗ್ಯ ಒಟ್ಟೊಟ್ಟಿಗೆ ಇರಲೇಬೇಕೆಂದಿಲ್ಲ. ಚಿತ್ರ ನೋಡಿ ಹಣ ಕಳಿಸುವ ಮೊದಲು ಮಾರುವವರಿಂದ ಮೀಟರ್‌ನ ಓದನ್ನು ಕೇಳಲೇಬೇಕು.

ಮೀಟರ್ ಹಿಡಿದು ಐದು ನಿಮಿಷ

ಇದಕ್ಕೆ ಆಂಪ್ ಬೇಡ, ಬಿಚ್ಚುವುದೂ ಬೇಡ. ವಾಲ್ಯೂಮ್ ಪೂರ್ತಿ ತೆರೆಯಿರಿ. ಮಾಮೂಲಿ ಗಿಟಾರ್ ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ತುದಿಯ ಪ್ಲಗ್‌ನ ಮೊನೆಗೆ ಮಲ್ಟಿಮೀಟರಿನ ಒಂದು ಕಡ್ಡಿ, ತೋಳಿಗೆ ಇನ್ನೊಂದು ಕಡ್ಡಿ ಹಿಡಿದು 20 ಕಿಲೋ ಓಮ್ ರೇಂಜಿನಲ್ಲಿ ನೋಡಿ. ಬದುಕಿರುವ ಪಿಕಪ್ ಕೆಲವು ಕಿಲೋ ಓಮ್ ತೋರಿಸುತ್ತದೆ. ಎಷ್ಟು ಎನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ದಪ್ಪ ತಂತಿ ಸುತ್ತಿದ ಹಳೆಯ ಸುರುಳಿಗಳು ಕಡಿಮೆ ತೋರಿಸಿದರೂ ಗಟ್ಟಿಯಾಗಿ ಹಾಡುತ್ತವೆ. ಆದ್ದರಿಂದ ಒಂದೇ ಸಂಖ್ಯೆ ನೋಡಿ ತೀರ್ಮಾನಿಸಬಾರದು, ಅದೇ ಮಾದರಿಯ ಬೇರೆ ವಾದ್ಯಗಳ ಜೊತೆ ಹೋಲಿಸಬೇಕು.

ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. 20 ಕಿಲೋ ರೇಂಜಿನಲ್ಲಿ ಏನೂ ಬರದಿದ್ದರೆ ಮೀಟರನ್ನು 2 ಮೆಗಾ ಓಮ್‌ಗೆ ತಿರುಗಿಸಿ. ಅಲ್ಲಿ 250 ಅಥವಾ 500 ಕಿಲೋ ಓಮ್‌ನ ಆಸುಪಾಸು ಏನಾದರೂ ಬಂದರೆ ನೀವು ಅಳೆಯುತ್ತಿರುವುದು ಪಿಕಪ್ ಅಲ್ಲ, ವಾಲ್ಯೂಮ್ ಪಾಟ್. ಎಂದರೆ ಜ್ಯಾಕ್ ಸರಿ, ಪಾಟ್ ಸರಿ, ಸುರುಳಿ ಅಥವಾ ಅದಕ್ಕೆ ಹೋಗುವ ವೈರ್ ಕಡಿದಿದೆ. ಅಲ್ಲೂ ಏನೂ ಬರದಿದ್ದರೆ ತೊಂದರೆ ಕೇಬಲ್, ಜ್ಯಾಕ್ ಅಥವಾ ಬಿಟ್ಟುಹೋದ ಬೆಸುಗೆಯಲ್ಲಿ ಇರಬಹುದು, ಅದು ಅಗ್ಗದ ರಿಪೇರಿ. ಸೊನ್ನೆ ಬಂದರೆ ಮೊದಲು ವಾಲ್ಯೂಮ್ ಮುಚ್ಚಿದೆಯೇ ನೋಡಿ, ಅದೂ ಅಲ್ಲದಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಓದುವಾಗ ಪಾಟನ್ನು ನಿಧಾನವಾಗಿ ತಿರುಗಿಸಿ. ಅಂಕಿ ಹಾರಾಡಿದರೆ ಪಾಟ್‌ನ ಒಳಗೆ ಕೊಳೆ ಕೂತಿದೆ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಹಲವು ಬಾರಿ ತಿರುಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಗರಗರ ಎನ್ನುವ ಪಾಟನ್ನು ಕಿತ್ತು ಹೊಸದು ಹಾಕಲು ಅವಸರ ಮಾಡಬೇಡಿ. ವಾದ್ಯದ ಜನ್ಮಪತ್ರ ಅದರ ಬೆನ್ನ ಮೇಲೆ ಇರಬಹುದು. ಅಮೆರಿಕದ ಪಾಟ್‌ಗಳ ಹಿಂದೆ ಒತ್ತಿರುವ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿ ತಯಾರಕರ ಗುರುತು: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್, 134 ಎಂದರೆ ಸೆಂಟ್ರಲ್ಯಾಬ್. ಆಮೇಲೆ ವರ್ಷ, ಕೊನೆಯ ಎರಡು ಅಂಕಿ ವಾರ. ಹಳೆಯ ಆರು ಅಂಕಿಯ ಗುರುತಿನಲ್ಲಿ ವರ್ಷಕ್ಕೆ ಒಂದೇ ಅಂಕಿ, ಆದ್ದರಿಂದ 304632 ಎಂದರೆ ಆರರಿಂದ ಕೊನೆಯಾಗುವ ವರ್ಷದ 32ನೇ ವಾರ. ಅದು 1946ರದೋ 1956ರದೋ ಎನ್ನುವುದನ್ನು ವಾದ್ಯದ ಬೇರೆ ಲಕ್ಷಣಗಳಿಂದ ನಿರ್ಧರಿಸಬೇಕು. ಈ ಸಂಖ್ಯೆ ಹೇಳುವುದು ಪಾಟ್ ಹುಟ್ಟಿದ ದಿನವನ್ನು. ಪಾಟ್ ಮೂಲದ್ದೇ ಆಗಿದ್ದರೆ ವಾದ್ಯ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಮುಂದಿನದಾಗಿರಬಹುದು. ಬೆಸುಗೆ ಮಂಕಾಗಿದ್ದು, ವೈರ್‌ಗೆ ಬಟ್ಟೆಯ ಹೊದಿಕೆ ಇದ್ದರೆ ಒಳ್ಳೆಯ ಲಕ್ಷಣ. ಮಿನುಗುವ ಹೊಸ ಬೆಸುಗೆ ಕಂಡರೆ ಯಾರೋ ಕೈ ಹಾಕಿದ್ದಾರೆ, ಏಕೆ ಎಂದು ಕೇಳಿ.

ಮೀಟರ್ ಆದ ಮೇಲೆ ಎರಡು ಅಳತೆ. ನಟ್‌ನಿಂದ (ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) 12ನೇ ಗುರುತಿನವರೆಗೆ ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್ ಉದ್ದ, ಎಂದರೆ ನುಡಿಯುವ ತಂತಿಯ ಉದ್ದ. ಅಷ್ಟೇ ದೂರದಲ್ಲಿ ಕುದುರೆ ಇರಬೇಕು. 12ನೇ ಗೆರೆಯ ನೇರ ಮೇಲೆ ಬೆರಳು ಮುಟ್ಟಿಸಿ ಹಾರ್ಮೋನಿಕ್ (ಹಗುರಾಗಿ ಮುಟ್ಟಿದ ತಂತಿಯ ಮೇಲ್ಸ್ವರ) ತೆಗೆದರೆ ಅದು ಅಲ್ಲಿಯೇ ಸ್ಪಷ್ಟವಾಗಿ ಮೊಳಗಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಸಿಕ್ಕಿದರೆ ಕುದುರೆಯನ್ನೋ ಗುರುತಿನ ಹಲಗೆಯನ್ನೋ ಕಿತ್ತು ಮತ್ತೆ ಕೂರಿಸಿದ್ದಾರೆ. ಎರಡನೆಯದು, ತಂತಿಗಳ ಮೇಲೆ ಬಾರ್ ಇಟ್ಟು ನೋಡುವುದು. ಇಲ್ಲಿ ತಂತಿಗಳ ನೆತ್ತಿ ಒಂದೇ ಮಟ್ಟದಲ್ಲಿರಬೇಕು, ಬುಡವಲ್ಲ. ನಟ್‌ನ ಎಲ್ಲ ಕಚ್ಚುಗಳನ್ನು ಒಂದೇ ಆಳಕ್ಕೆ ಕೊರೆದಿದ್ದರೆ ದಪ್ಪ ತಂತಿ ಎತ್ತರಕ್ಕೆ ನಿಂತು ಪಕ್ಕದ ತೆಳು ತಂತಿ ಬಾರ್‌ಗೆ ತಗಲದೆ ಝೇಂಕರಿಸುತ್ತದೆ. ದಪ್ಪ ತಂತಿಯ ಕಚ್ಚನ್ನು ಆಳ ಮಾಡಿದರೆ ಸರಿಹೋಗುತ್ತದೆ, ಹೆದರುವಂಥದ್ದಲ್ಲ.

ಹೆಸರಿನ ಹಿಂದೆ ಏನಿದೆ

ರಿಕನ್‌ಬ್ಯಾಕರ್‌ನಿಂದ ಶುರು ಮಾಡಬೇಕು, ಏಕೆಂದರೆ ಎಲೆಕ್ಟ್ರಿಕ್ ಗಿಟಾರ್ ವ್ಯಾಪಾರವೇ ಅಲ್ಲಿಂದ ಶುರುವಾದದ್ದು. 1932ರಲ್ಲಿ ಮಾರುಕಟ್ಟೆಗೆ ಬಂದ, ಎಲ್ಲರೂ ಫ್ರೈಯಿಂಗ್ ಪ್ಯಾನ್ ಎನ್ನುವ ವಾದ್ಯ ಎರಕದ ಅಲ್ಯೂಮಿನಿಯಂನದು. ಎ-22 ಎಂದರೆ 22.5 ಇಂಚಿನ ಸ್ಕೇಲ್, ಎ-25 ಎಂದರೆ 25 ಇಂಚಿನದು. ವೇದಿಕೆಯ ದೀಪದ ಬಿಸಿಗೆ ಲೋಹ ಹಿಗ್ಗಿ ಶ್ರುತಿ ತಪ್ಪುತ್ತಿತ್ತು. 1935ರಲ್ಲಿ ಬೇಕಲೈಟ್ ಎನ್ನುವ ಗಟ್ಟಿ ಪ್ಲಾಸ್ಟಿಕ್‌ನ ಮಾಡೆಲ್ ಬಿ ಬಂತು. ಜೆರ್ರಿ ಬರ್ಡ್ ಅವರಂಥ ವಾದಕರು ಇಷ್ಟಪಟ್ಟ ನಾದ ಇದರದು, ಹಾಗಾಗಿ ನುಡಿಸುವವರು ಇಂದಿಗೂ ಹುಡುಕುವುದು ಇದನ್ನೇ. ಇದರ ಪಿಕಪ್‌ನಲ್ಲಿ ಎರಡು ಲಾಳಾಕಾರದ ಅಯಸ್ಕಾಂತಗಳು ತಂತಿಗಳ ಮೇಲಿನಿಂದ ಕಮಾನಾಗಿ ಬಾಗಿರುತ್ತವೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಅಯಸ್ಕಾಂತದ ಅಗಲ ಒಂದೂವರೆ ಇಂಚು, ಯುದ್ಧದ ನಂತರದ್ದು ಒಂದೂಕಾಲು. ಬೆಲೆಯಲ್ಲಿ ಈ ಕಾಲಿಂಚಿನ ವ್ಯತ್ಯಾಸ ಬಹಳ ದೊಡ್ಡದು. ಮಾರುವವರು “ಪ್ರೀವಾರ್” (ಯುದ್ಧಪೂರ್ವದ್ದು) ಎಂದು ಬರೆದಿದ್ದರೆ ಅಯಸ್ಕಾಂತದ ಮೇಲೆ ಅಳತೆಪಟ್ಟಿ ಇಟ್ಟ ಚಿತ್ರ ಕೇಳಿ. ಇನ್ನೊಂದು ಗುರುತು, ಯುದ್ಧಪೂರ್ವದ ಮಾಡೆಲ್ ಬಿಯಲ್ಲಿ ತಂತಿಗಳು ದಿಮ್ಮಿಯ ಮೂಲಕ ಹಾದು ಬರುತ್ತವೆ, ನಂತರದವಕ್ಕೆ ಪ್ರತ್ಯೇಕ ಟೇಲ್‌ಪೀಸ್ ಇರುತ್ತದೆ.

ಈ ಹಳೆಯ ಅಯಸ್ಕಾಂತಗಳು ಕಾಲ ಸರಿದಂತೆ ಶಕ್ತಿ ಕಳೆದುಕೊಳ್ಳುತ್ತವೆ. ನಾದ ತೆಳುವಾಗಿ, ಸದ್ದು ಸಣ್ಣದಾಗಿ ಬರುತ್ತದೆ. ಮೀಟರ್‌ನಲ್ಲಿ ಇದು ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು. ಪಿಕಪ್ ಕೆಲಸ ಬಲ್ಲವರು ಮತ್ತೆ ಚಾರ್ಜ್ ಮಾಡಿಕೊಡುತ್ತಾರೆ. ಆದರೆ ಅಯಸ್ಕಾಂತವನ್ನು ಬಿಚ್ಚಿ ಮೇಜಿನ ಮೇಲೆ ಬಿಡಿಯಾಗಿ ಇಟ್ಟರೆ ಉಳಿದ ಶಕ್ತಿಯೂ ಸೋರುತ್ತದೆ, ಇಡೀ ಪಿಕಪ್ಪನ್ನೇ ಒಯ್ಯುವುದು ಒಳ್ಳೆಯದು. ಬೇಕಲೈಟ್ ಗಟ್ಟಿ, ಆದರೆ ಪೆಡಸು. ನೆಕ್ ಕೂಡುವ ಸ್ಕ್ರೂಗಳ ಸುತ್ತ, ಟ್ಯೂನರ್‌ಗಳ ಬಳಿ ಕೂದಲೆಳೆಯ ಬಿರುಕು ಹುಡುಕಿ. ಅಡ್ಡ ಬೆಳಕಿನಲ್ಲಿ ಹಿಡಿದರೆ ಬೇಗ ಕಾಣುತ್ತದೆ.

ಫೆಂಡರ್ ಕಥೆ ಬೇರೆ. ಲಿಯೋ ಫೆಂಡರ್ ಮತ್ತು ಡಾಕ್ ಕಾಫ್‌ಮನ್ ಕೂಡಿ ಕೆ ಅಂಡ್ ಎಫ್ ಹೆಸರಿನಲ್ಲಿ 1945ರ ಸುಮಾರಿಗೆ ಮಾಡಿದ್ದೇ ಲ್ಯಾಪ್ ಸ್ಟೀಲ್ ಮತ್ತು ಆಂಪ್, ಟೆಲಿಕ್ಯಾಸ್ಟರ್ ಎನ್ನುವ ಪ್ರಸಿದ್ಧ ಎಲೆಕ್ಟ್ರಿಕ್ ಗಿಟಾರ್ ಬಂದದ್ದು ಆಮೇಲೆ. 1949ರಲ್ಲಿ ಬಂದ ಚಾಂಪಿಯನ್ ಎನ್ನುವ ಪರ್ಲಾಯ್ಡ್ ಹೊದಿಸಿದ ವಿದ್ಯಾರ್ಥಿ ಮಾದರಿಯ ಪಿಕಪ್, ಟೆಲಿಕ್ಯಾಸ್ಟರಿನ ಕುದುರೆಯ ಬಳಿಯ ಪಿಕಪ್‌ಗೆ ಬಹಳ ಹತ್ತಿರದ ಸಂಬಂಧಿ. ಈ ಸಂಬಂಧವೇ ಅದಕ್ಕೆ ಮುಳುವಾಗಿದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಚಾಂಪಿಯನ್ ಕೊಳ್ಳುವಾಗ ಪಿಕಪ್‌ನ ಮುಚ್ಚಳ ತೆಗೆಸಿ ಚಿತ್ರ ತರಿಸಿಕೊಳ್ಳಿ. ದೊಡ್ಡ ಸ್ಟ್ರಿಂಗ್‌ಮಾಸ್ಟರ್‌ಗಳು 1953ರಿಂದ ಬಂದವು. ಎಂಟು ತಂತಿಯ ಎರಡು, ಮೂರು, ನಾಲ್ಕು ನೆಕ್, ಪ್ರತಿ ನೆಕ್‌ಗೆ ಎರಡು ಪಿಕಪ್. ಮೊದಲು 26 ಇಂಚು, ಆಮೇಲೆ 24.5 ಮತ್ತು 22.5 ಇಂಚಿನ ಸ್ಕೇಲ್. ಇವುಗಳಲ್ಲಿ ಕಾಲುಗಳು ನಾಲ್ಕೂ ಇವೆಯೇ ಎಂದು ಕೇಳಲು ಮರೆಯಬೇಡಿ.

ಶಿಕಾಗೋದ ವ್ಯಾಲ್ಕೋ ತಯಾರಿಸಿದ ಸುಪ್ರೋ, ನ್ಯಾಷನಲ್, ಓಆಹು ಹೆಸರಿನ ವಾದ್ಯಗಳು ಮಾರುಕಟ್ಟೆಯಲ್ಲಿ ಹೇರಳ. ತಂತಿಗಳು ಲೋಹದ ಚೌಕಟ್ಟಿನ ನಡುವೆ ತೂರಿ ಹೋಗುವ ಇವುಗಳ ಪಿಕಪ್‌ಗೆ ಬೆಣ್ಣೆ ಹಚ್ಚಿದಂಥ ದಪ್ಪ, ಒರಟು ನಾದವಿದೆ. ಆಂಪ್ ಸ್ವಲ್ಪ ಬಿಸಿಯೇರಿದರೆ ಬ್ಲೂಸ್‌ಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ ಎನ್ನುವುದು ನನ್ನ ಅಭಿಪ್ರಾಯ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದೂ ಇದನ್ನೇ. ಗಮನಿಸಬೇಕಾದ್ದು ಪ್ಲಾಸ್ಟಿಕ್. ಆ ಕಾಲದ ಪರ್ಲಾಯ್ಡ್ ಹಾಗೂ ಟ್ಯೂನರ್ ಗುಂಡಿಗಳಲ್ಲಿ ಹಲವು ಸೆಲ್ಯುಲೋಸ್ ನೈಟ್ರೇಟ್. ಅದು ಕೊಳೆಯತೊಡಗಿದಾಗ ಹೊರಬರುವ ಆಮ್ಲದ ಆವಿ ಮುಚ್ಚಿದ ಕೇಸಿನೊಳಗೆ ಲೋಹವನ್ನೆಲ್ಲ ತಿನ್ನುತ್ತದೆ. ಕೇಸ್ ತೆರೆದ ಕೂಡಲೇ ಮೂಗಿಗೆ ಹೊಡೆಯುವ ಕಟುವಾಸನೆ, ಟ್ಯೂನರ್ ಮೇಲೆ ಹಸಿರು ಪುಡಿ, ಮುಟ್ಟಿದರೆ ಉದುರುವ ಗುಂಡಿ, ಇವು ಕಂಡರೆ ಬೆಲೆ ಇಳಿಸಿ ಮಾತಾಡಿ. ಕೊಂಡ ಮೇಲೆ ಕೆಟ್ಟ ಗುಂಡಿಗಳನ್ನು ಬೇರೆ ಡಬ್ಬಿಗೆ ಹಾಕಿ, ವಾದ್ಯವನ್ನು ಗಾಳಿಯಾಡುವಂತೆ ಇಡಿ.

ಗಿಬ್ಸನ್‌ನ ಹಲವು ಯುದ್ಧಪೂರ್ವದ ಇಎಚ್-150ಗಳಲ್ಲಿ ಜ್ಯಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಹೆಸರಿನಿಂದ ಕರೆಯುವ ಬ್ಲೇಡ್ ಪಿಕಪ್ ಇದೆ. ಮರದ ಒಳಗೆ ಅಡಗಿರುವ ಉದ್ದನೆಯ ಅಯಸ್ಕಾಂತಗಳು, ಮೇಲೆ ಕಾಣುವುದು ಒಂದು ಸಣ್ಣ ಪಟ್ಟಿ ಮಾತ್ರ. ಹಲವು ಗಿಬ್ಸನ್‌ಗಳ ಮೇಲೆ ಒತ್ತಿರುವ ಕಾರ್ಖಾನೆ ಆರ್ಡರ್ ಸಂಖ್ಯೆಯ ಅಕ್ಷರಗಳಿಂದ ವರ್ಷ ತಿಳಿಯುತ್ತದೆ: ಮೊದಲ ಅಕ್ಷರ ಡಿ ಆದರೆ 1938, ಇ ಆದರೆ 1939, ಎಫ್ ಆದರೆ 1940. ಯುದ್ಧಾನಂತರದ ಬಿಆರ್-9 ಸಾಧಾರಣ ವಿದ್ಯಾರ್ಥಿ ವಾದ್ಯ, ಬೆಲೆಗೆ ತಕ್ಕ ನಾದ ಕೊಡುತ್ತದೆ.

ಆಂಪ್ ಜೊತೆಗೇ ಸಿಕ್ಕರೆ ಜೋಡಿಯನ್ನು ಬಿಡಿಸಬೇಡಿ. ಆದರೆ ದಶಕಗಳಿಂದ ಮಲಗಿದ ಆಂಪ್‌ನ ಪ್ಲಗ್ಗನ್ನು ಕುತೂಹಲಕ್ಕೂ ಗೋಡೆಗೆ ಹಾಕಬೇಡಿ. ಒಣಗಿದ ಫಿಲ್ಟರ್ ಕೆಪ್ಯಾಸಿಟರ್‌ಗಳು ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು. ಎರಡು ಪಿನ್ನಿನ ಹಳೆಯ ವೈರಿಂಗ್‌ನಲ್ಲಿ ಚಾಸಿಗೆ ಕರೆಂಟ್ ಬಂದು, ತಂತಿ ಮುಟ್ಟಿದ ಕೈಗೆ ಶಾಕ್ ಹೊಡೆಯುವ ಅಪಾಯವೂ ಇದೆ. ಬಲ್ಲ ಟೆಕ್ನಿಷಿಯನ್ ಕೈಯಲ್ಲಿ ಕೆಪ್ಯಾಸಿಟರ್ ಬದಲಿಸಿ, ಮೂರು ಪಿನ್ನಿನ ಅರ್ಥಿಂಗ್ ವೈರ್ ಹಾಕಿಸಿದ ಮೇಲೆಯೇ ಬಳಸಬೇಕು.

ಟೊಳ್ಳು ನೆಕ್, ಚೌಕ ನೆಕ್

ಲಾಸ್ ಏಂಜಲೀಸ್‌ನ ಹರ್ಮನ್ ವೈಸೆನ್‌ಬಾರ್ನ್ 1920ರ ದಶಕದಲ್ಲಿ ಹವಾಯಿಯ ಕೋವಾ ಮರದಿಂದ ಮಾಡಿದ ವಾದ್ಯಗಳಿಗೆ ವಿದ್ಯುತ್ ಬೇಡ. ನೆಕ್ ಕೂಡ ಟೊಳ್ಳು, ಇಡೀ ವಾದ್ಯವೇ ಅನುರಣಿಸುತ್ತದೆ. ಒಂದರಿಂದ ನಾಲ್ಕರವರೆಗೆ ಸ್ಟೈಲ್‌ಗಳು, ಸಂಖ್ಯೆ ಹೆಚ್ಚಿದಂತೆ ಹಗ್ಗದ ಹೆಣಿಗೆಯಂಥ ಅಂಚಿನ ಅಲಂಕಾರ ಹೆಚ್ಚು. ಇಲ್ಲಿ ಮೀಟರ್ ಕೆಲಸಕ್ಕೆ ಬರುವುದಿಲ್ಲ, ಕನ್ನಡಿ ಮತ್ತು ಟಾರ್ಚ್ ಬೇಕು. ಕುದುರೆಯ ಹಿಂದೆ ಹಲಗೆ ಉಬ್ಬಿದೆಯೇ, ಕುದುರೆ ಮೇಲೇಳುತ್ತಿದೆಯೇ, ಒಳಗಿನ ಪಟ್ಟಿಗಳು ಬಿಟ್ಟಿವೆಯೇ ನೋಡಿ. ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಬಿಟ್ಟ ಪಟ್ಟಿ ಗಿಲಕಿಯ ಸದ್ದು ಮಾಡುತ್ತದೆ. ಇವು ತೀರ ಹಗುರಾಗಿ ಕಟ್ಟಿದ ವಾದ್ಯಗಳು, ದಪ್ಪ ತಂತಿ ಹಾಕಿ ಬಿಗಿದರೆ ಹೊಟ್ಟೆ ಹೊರಬರುತ್ತದೆ. ಮೂಲ ಕುದುರೆಯಲ್ಲಿ ತಂತಿ ಕೂರುವುದು ಫ್ರೆಟ್ ತಂತಿಯ ತುಂಡಿನ ಮೇಲೆ. ಅಲ್ಲಿ ಎಲುಬಿನ ಸ್ಯಾಡಲ್ ಕಂಡರೆ ಕುದುರೆಯನ್ನು ಕೊರೆದಿದ್ದಾರೆ ಅಥವಾ ಬದಲಿಸಿದ್ದಾರೆ ಎಂದು ತಿಳಿಯಿರಿ. ಅದರಿಂದ ನಾದ ಕೆಡಬೇಕೆಂದಿಲ್ಲ, ಬೆಲೆ ಮಾತ್ರ ಬೇರೆಯಾಗುತ್ತದೆ.

ನ್ಯಾಷನಲ್‌ನ 1927ರ ಟ್ರೈಕೋನ್‌ನಂಥ, ಒಳಗಿನ ಲೋಹದ ಕೋನ್‌ಗಳಿಂದ ಸದ್ದು ಹೆಚ್ಚಿಸುವ ರೆಸೊನೇಟರ್ ವಾದ್ಯಗಳಲ್ಲಿ ಕೊಳ್ಳುವವರಿಗೆ ಅನುಕೂಲವಾದ ಒಂದು ಸಂಗತಿಯಿದೆ. ಅದೇ ಲೋಹದ ದೇಹ, ಅದೇ ಕೋನ್‌ಗಳು, ಆದರೆ ಮಡಿಲಲ್ಲಿಟ್ಟು ನುಡಿಸುವ ಚೌಕ ನೆಕ್‌ನದಕ್ಕೆ ದುಂಡು ನೆಕ್‌ನದಕ್ಕಿಂತ ಬೆಲೆ ಸಾಕಷ್ಟು ಕಡಿಮೆ. ನಿಂತು ಹಿಡಿದು ನುಡಿಸುವವರ ಸಂಖ್ಯೆ ಹೆಚ್ಚು, ಅಷ್ಟೇ ಕಾರಣ. ಈ ಅಂತರಕ್ಕೆ ಆಸೆಪಟ್ಟು ಚೌಕ ನೆಕ್ಕನ್ನು ಕತ್ತರಿಸಿ ದುಂಡು ನೆಕ್ ಜೋಡಿಸಿದ ವಾದ್ಯಗಳೂ ಇವೆ. ನೆಕ್ ಮತ್ತು ದೇಹ ಕೂಡುವ ಜಾಗವನ್ನು ಹತ್ತಿರದಿಂದ ನೋಡಿ.

ಬಿಡಿಸಿ ಮಾರುವುದು

ಈಗ ಚಾಂಪಿಯನ್‌ನ ಮಾತಿಗೆ ಬರುತ್ತೇನೆ. 1950ರ ಸುಮಾರಿನ ಟೆಲಿಕ್ಯಾಸ್ಟರ್ ವಂಶದ ಗಿಟಾರೊಂದಕ್ಕೆ ಪಿಕಪ್ ಇಲ್ಲದಿದ್ದರೆ ಅದಕ್ಕೆ ಹತ್ತಿರದ ಮೂಲ ಪಿಕಪ್ ಸಿಗುವುದು ಲ್ಯಾಪ್ ಸ್ಟೀಲ್‌ನಲ್ಲಿ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಮ್ಮ ಗಿಟಾರಿಗೆ ವ್ಯಾಲ್ಕೋ ಲ್ಯಾಪ್ ಸ್ಟೀಲ್‌ನ ಪಿಕಪ್ ಹಾಕಿಕೊಂಡದ್ದು ಪ್ರಸಿದ್ಧವಾದ ಮೇಲೆ ಸುಪ್ರೋಗಳಿಗೂ ಅದೇ ಗತಿ ಬಂತು. ಪಿಕಪ್ ಒಬ್ಬರಿಗೆ, ಪಾಟ್ ಇನ್ನೊಬ್ಬರಿಗೆ, ಟ್ಯೂನರ್, ಗುಂಡಿ, ಕೇಸ್ ಬೇರೆ ಬೇರೆಯವರಿಗೆ. ಒಟ್ಟುಗೂಡಿಸಿದರೆ ಇಡೀ ವಾದ್ಯಕ್ಕಿಂತ ಹೆಚ್ಚು ಹಣ. ಲೆಕ್ಕ ಸರಿಯೇ ಇದೆ, ಆದರೂ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಏಳೆಂಟು ದಶಕ ಒಂದಾಗಿ ಉಳಿದ ವಾದ್ಯವನ್ನು ಹೊಸದೊಂದು ಗಿಟಾರಿನ ನಾದಕ್ಕಾಗಿ ಹಾಳು ಮಾಡಬೇಕಾಗಿಲ್ಲ, ಆ ಪಿಕಪ್‌ಗಳ ಒಳ್ಳೆಯ ಪ್ರತಿಕೃತಿಗಳನ್ನು ಇಂದು ಮಾಡುವವರಿದ್ದಾರೆ. ಬಿರುಕು ಬಿಟ್ಟು ಮತ್ತೆ ನಿಲ್ಲಲಾರದ ದಿಮ್ಮಿ, ನೆಕ್ಕೇ ಇಲ್ಲದ ವಾದ್ಯ, ಇಂಥವನ್ನು ಬಿಡಿಸಿ ಇನ್ನೊಂದನ್ನು ಬದುಕಿಸಿದರೆ ಅದು ಬೇರೆ ಮಾತು.

ಸುರುಳಿ ಸತ್ತಿದೆ ಎನ್ನುವುದು ವಾದ್ಯ ಬಿಡಿಸಲು ಕಾರಣವಲ್ಲ. ಅದನ್ನು ಮತ್ತೆ ಸುತ್ತಿಸಬಹುದು. ಮೂಲ ತಂತಿಯ ದಪ್ಪವನ್ನು, ಸಾಮಾನ್ಯವಾಗಿ 42 ಅಥವಾ 43 ಗೇಜ್, ಅಳೆದು ಅದನ್ನೇ ಬಳಸಲು ಹೇಳಿ. ಬಾಬಿನ್, ಅಯಸ್ಕಾಂತ, ಮುಚ್ಚಳ, ಹೊರಗೆ ಬರುವ ವೈರ್ ಹಳೆಯದೇ ಇರಲಿ. ಹೀಗೆ ಮಾಡಿದ ವಾದ್ಯದ ಬೆಲೆ ಮೂಲ ಸುರುಳಿಯದಕ್ಕಿಂತ ಕಡಿಮೆ, ಮೂಕ ವಾದ್ಯಕ್ಕಿಂತ ಹೆಚ್ಚು. ಮಾರುವಾಗ “ಪಿಕಪ್ ಮತ್ತೆ ಸುತ್ತಿಸಿದ್ದು” ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಅದರ ಜೊತೆಗೆ ಮೀಟರ್ ಓದಿನ ಚಿತ್ರ, ಪಾಟ್‌ಗಳ ಬೆನ್ನು, ಟ್ಯೂನರ್‌ಗಳ ಹಿಂಬದಿ, ಸೀರಿಯಲ್ ಫಲಕ, ವಾದ್ಯದ ತಳ, ಅಳತೆಪಟ್ಟಿಯೊಡನೆ ಸ್ಕೇಲ್ ಇಷ್ಟನ್ನೂ ಹಾಕಿದರೆ ತಿಳಿದವರು ಚೌಕಾಸಿ ಮಾಡದೆ ಕೊಳ್ಳುತ್ತಾರೆ. ಮರಕ್ಕೆ ಹೊಳಪು ಕೊಡಲು ಹೋಗಬೇಡಿ. ಮೆತ್ತನೆಯ ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು.

ಊರಿಗೆ ತರುವುದಾದರೆ

ನಮ್ಮಲ್ಲಿ ತಂತಿಯ ಮೇಲೆ ಕೋಲು ಸರಿಸಿ ನುಡಿಸುವ ಗೋಟುವಾದ್ಯದ ಪರಂಪರೆ ಇದೆ, ಬ್ರಿಜ್ ಭೂಷಣ್ ಕಾಬ್ರಾ ಅವರಿಂದ ಈಚೆಗೆ ಹಿಂದೂಸ್ತಾನಿಯಲ್ಲೂ ಸ್ಲೈಡ್ ಗಿಟಾರ್ ಬೇರೂರಿದೆ. ಹೀಗಾಗಿ ಅಮೆರಿಕದಲ್ಲಿರುವ ಬಂಧುಗಳ ಮೂಲಕ ಹಳೆಯದೊಂದನ್ನು ತರಿಸುವ ಆಸೆ ಬೆಂಗಳೂರು, ಧಾರವಾಡದ ವಾದಕರಿಗೆ ಬರುವುದು ಸಹಜ. ರಾಗ ನುಡಿಸಲು ಚಿಕಾರಿ (ಲಯ, ಶ್ರುತಿಗೆ ಮೀಟುವ), ತರಬ್ (ತಾವೇ ಅನುರಣಿಸುವ) ತಂತಿಗಳು ಬೇಕೆಂದು ಹಳೆಯ ದಿಮ್ಮಿಗೆ ತೂತು ಕೊರೆಸಬೇಡಿ. ಅದಕ್ಕೆಂದೇ ಕಟ್ಟಿದ ಹೊಸ ವಾದ್ಯ ಕೊಳ್ಳುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಬಳಸಿದ ವಸ್ತುಗಳ ಆಮದಿಗೆ ಭಾರತದ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧವಿರುವುದರಿಂದ ಕೊರಿಯರ್‌ಗೆ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟರನ್ನು ವಿಚಾರಿಸಿ. ಎಲೆಕ್ಟ್ರಿಕ್ ವಾದ್ಯದ ಸುಂಕದ ಶೀರ್ಷಿಕೆ 9207, ಮರದ ತಂತಿವಾದ್ಯದ್ದು 9202. ಕೆಲವು ಹಳೆಯ ವಾದ್ಯಗಳಲ್ಲಿ ಬ್ರೆಜಿಲ್ ಬೀಟೆ ಮರ ಬಳಸಿರುತ್ತಾರೆ. 1992ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಆಂಪ್ ಬಂದರೆ ಅದು 110-120 ವೋಲ್ಟ್‌ನದು, ನಮ್ಮ 230ಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಪ್ಯಾಕ್ ಮಾಡುವಾಗ ಮೊದಲು ಕೇಸಿನ ಜೇಬು ಖಾಲಿ ಮಾಡಿ. ಒಳಗೆ ಸಡಿಲವಾಗಿ ಬಿಟ್ಟ ಉಕ್ಕಿನ ಬಾರ್ ದಾರಿಯುದ್ದಕ್ಕೂ ಬೇಕಲೈಟನ್ನು ಕುಟ್ಟುತ್ತಾ ಬರುತ್ತದೆ. ಬಾರನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನ ಪೆಟ್ಟಿಗೆಯಲ್ಲಿ ಬೇರೆ ಇಡಿ. ತಂತಿಗಳನ್ನು ಒಂದೆರಡು ಸ್ವರ ಇಳಿಸಿ. ತಲೆಯ ಭಾಗದ ಕೆಳಗೂ ಮೇಲೂ ಮೆತ್ತೆ ತುಂಬಿ ಅದು ಕೇಸಿನೊಳಗೆ ಅಲುಗದಂತೆ ಮಾಡಿ. ಕೇಸ್ ಒಂದು ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ, ನಡುವೆ ಸುತ್ತಲೂ ಎರಡಿಂಚು ಮೆತ್ತೆ. ರಿಪೇರಿಯಲ್ಲಿ ತೆಗೆದ ಹಳೆಯ ಪಾಟ್, ಜ್ಯಾಕ್, ಸ್ಕ್ರೂ ಏನೇ ಇರಲಿ, ಕೆಟ್ಟಿದ್ದರೂ ಬಿಸಾಡದೆ ಹೆಸರು ಬರೆದ ಚೀಲದಲ್ಲಿ ಹಾಕಿ ವಾದ್ಯದ ಜೊತೆಗೇ ಕಳಿಸಿ.